ಹಿಂದೆ ಬರುವ ಸೈಕಲ್ಲು

ಜನವರಿ 6

ದೊಡ್ಡವಳಿಗೆ,

ನಾನು ಗಟ್ಟಿಮುಟ್ಟಾಗಿದ್ದೇನೆ. ನೀನೂ ಹಾಗೇ ಇರುತ್ತೀಯ. ನನ್ನ ಕೈಯಲ್ಲಿ ಬೆಳೆದವಳು ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಮನೆ ಬಿಟ್ಟು ಹೋಗಿ ಒಂದು ಸಾಲೂ ಬರೆಯದ ಮಗಳಿಗೆ ನಾನಾಗಿ ಕಾಗದ ಹಾಕಬಾರದು ಎಂದುಕೊಂಡಿದ್ದೆ. ಆದರೆ ಕೆಲಸ ಆಗಬೇಕಾದರೆ ಕತ್ತೆಯ ಕಾಲನ್ನೂ ಹಿಡಿಯಬೇಕಂತೆ. ಹಿಡಿದಿದ್ದೇನೆ.

ನೀನಿರುವ ಊರಿನಲ್ಲಿ ಮಾರ್ಚಿ ತಿಂಗಳು ಮ್ಯಾರಥಾನ್ ಇದೆ ಎಂದು ಪೇಪರಿನಲ್ಲಿ ಬಂದಿದೆ. ನಿನ್ನ ತಂಗಿಗೆ ಹದಿನೆಂಟು ತುಂಬಿತು. ಇನ್ನು ಪೂರ್ತಿ ದೂರ ಓಡಲು ಅವಳನ್ನು ಯಾರೂ ತಡೆಯುವ ಹಾಗಿಲ್ಲ. ಹೆಸರು ಕೊಟ್ಟಿದ್ದೇನೆ. ಮೊದಲು ಬಂದ ಹುಡುಗಿಯನ್ನು ದೊಡ್ಡ ತರಬೇತಿ ಶಿಬಿರಕ್ಕೆ ಕರೆಯುತ್ತಾರಂತೆ. ನಿನಗೆ ಸಿಗಬೇಕಾಗಿದ್ದ ಶಿಬಿರ. ನೀನು ಅದನ್ನು ಒದ್ದು ಹೋದೆ.

ಪುಟ್ಟಿ ನಿನಗಿಂತ ವಾಸಿ. ಬೆಳಿಗ್ಗೆ ಕಾಲುವೆಯ ದಾರಿಯಲ್ಲಿ ಅವಳು ಮುಂದೆ, ನಾನು ಸೈಕಲ್ಲಿನಲ್ಲಿ ಹಿಂದೆ. ಕೈಯಲ್ಲಿ ಸೈಕಲ್ ಟ್ಯೂಬಿನ ಪಟ್ಟಿ. ಅದರ ಪರಿಚಯ ನಿನಗೆ ಮಾಡಿಕೊಡಬೇಕಾಗಿಲ್ಲ. ವೇಗ ಇಳಿದರೆ ಮೀನಖಂಡಕ್ಕೆ ಒಂದು. ಮೂಳೆಗೆ ತಾಗುವುದಿಲ್ಲ, ಚರ್ಮ ಕೀಳುವುದಿಲ್ಲ, ಬಾಸುಂಡೆ ಬರುತ್ತದೆ, ಹೋಗುತ್ತದೆ. ಉಳಿಪೆಟ್ಟು ಬೀಳದೆ ಕಲ್ಲು ವಿಗ್ರಹವಾದದ್ದುಂಟೆ? ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವನಿಗೆ ಪೆಟ್ಟಿನ ಲೆಕ್ಕ ಗೊತ್ತಿರುತ್ತದೆ. ನೀನು ಅಳುತ್ತಿದ್ದೆ. ಇವಳು ಅಳುವುದಿಲ್ಲ. ಇಷ್ಟೇ ವ್ಯತ್ಯಾಸ.

ನೀನೂ ಓಟ ಬಿಟ್ಟಿಲ್ಲ ಎಂದು ಕೇಳಿದ್ದೇನೆ. ಹಾಗಾದರೆ ಅವಳ ಜೊತೆ ಓಡು. ಹೊಸ ಊರು, ದಾರಿ ಗೊತ್ತಿಲ್ಲ. ಅರ್ಧ ದೂರ ನೀನು ಗಾಳಿಗೆ ಅಡ್ಡ ಇದ್ದು ಎಳೆದುಕೊಂಡು ಹೋದರೆ ಉಳಿದರ್ಧ ಅವಳೇ ಹೋಗುತ್ತಾಳೆ. ತಾಯಿಯಿಲ್ಲದ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದವನು ಕೇಳುತ್ತಿದ್ದೇನೆ. ಇಲ್ಲ ಎನ್ನಬೇಡ.

ನಿನ್ನ ಅಪ್ಪ

*

ಜನವರಿ 19

ಅಪ್ಪನಿಗೆ,

ನಿಮ್ಮ ಕಾಗದ ಬಂದಾಗ ನಾನು ಕೆಲಸದಲ್ಲಿದ್ದೆ. ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ನನ್ನ ಕೆಲಸ. ಆಪರೇಷನ್ ಆದ ಹಾಸಿಗೆಯ ಹೊದಿಕೆಗಳು ಗಂಟು ಕಟ್ಟಿ ಬರುತ್ತವೆ. ರಕ್ತಕ್ಕೆ ಮೊದಲು ತಣ್ಣೀರು ಹಾಕಬೇಕು. ಬಿಸಿನೀರು ತಾಗಿದರೆ ಕಲೆ ಕೂತುಬಿಡುತ್ತದೆ. ಇದನ್ನು ನನಗೆ ಇಲ್ಲಿ ಯಾರೂ ಹೇಳಿಕೊಡಬೇಕಾಗಲಿಲ್ಲ. ನನ್ನ ಕಾಲುಚೀಲಗಳನ್ನು ಒಗೆದೂ ಒಗೆದೂ ಕಲಿತಿದ್ದೆ. ಚರ್ಮ ಕೀಳುವುದಿಲ್ಲ ಎಂದು ಬರೆದಿದ್ದೀರಲ್ಲ, ಅದಕ್ಕೆ ಹೇಳಿದೆ.

ನಾನು ಶಿಬಿರವನ್ನು ಒದ್ದು ಹೋಗಲಿಲ್ಲ. ಮನೆ ಬಿಟ್ಟ ದಿನ ಕಾಲುವೆಯ ಏರಿಯ ಮೇಲೆ ಬಿದ್ದೆ. ಬಿದ್ದವಳಿಗೆ ಹೊಡೆದಿರಿ. ಎದ್ದೇಳಲಿ ಎಂದು ಹೊಡೆದಿರಿ, ಎದ್ದ ಮೇಲೆ ಬಿದ್ದದ್ದಕ್ಕೆ ಹೊಡೆದಿರಿ. ಪುಟ್ಟಿ ಆಗ ಸಣ್ಣವಳು, ನೀರಿನ ಬಾಟಲಿ ಹಿಡಿದು ನಿಂತಿದ್ದಳು. ಅವಳು ಅಳುವುದಿಲ್ಲ ಎಂದರೆ ಯಾಕೆ ಅಂತ ನನಗೆ ಗೊತ್ತು. ಅತ್ತರೆ ಏನಾಗುತ್ತದೆ ಎಂದು ಅವಳು ಎದುರಿಗೇ ನಿಂತು ನೋಡಿದ್ದಾಳೆ.

ನಾನು ಓಡುತ್ತೇನೆ. ನಿಮಗೋಸ್ಕರ ಅಲ್ಲ. ಎರಡು ಷರತ್ತು. ಟ್ಯೂಬು ಇವತ್ತೇ ಎಸೆಯಬೇಕು. ಓಟ ಮುಗಿದ ಮೇಲೆ ಪುಟ್ಟಿ ನನ್ನ ಜೊತೆ ಇರುತ್ತಾಳೆ, ಗೆದ್ದರೂ ಸರಿ, ಸೋತರೂ ಸರಿ. ನನ್ನ ಕೋಣೆ ಚಿಕ್ಕದು, ಎರಡು ಚಾಪೆ ಹಿಡಿಸುತ್ತದೆ. ನನಗೆ ನಿಮ್ಮಿಂದ ಬೇರೇನೂ ಬೇಡ, ಅವಳೊಬ್ಬಳು ಸಾಕು. ಅವಳ ಕಾಲ ಮೇಲೆ ಹೊಸ ಗುರುತು ಒಂದು ಕಂಡರೂ ನಿಮ್ಮ ಕೈ ಮುರಿಯುತ್ತೇನೆ. ಇದನ್ನು ಸುಮ್ಮನೆ ಬರೆದಿದ್ದಲ್ಲ.

ನಿಮ್ಮ ದೊಡ್ಡ ಮಗಳು

*

ಫೆಬ್ರವರಿ 2

ದೊಡ್ಡವಳಿಗೆ,

ಸಾಲಿಗೊಂದು ‘ನೀವು’ ಹಾಕಿ ಕೈ ಮುರಿಯುತ್ತೇನೆ ಎಂದಿದ್ದೀಯ. ಇಷ್ಟು ಮರ್ಯಾದೆ ಕೊಟ್ಟು ಬೈಯುವುದನ್ನು ಯಾವ ಶಾಲೆಯಲ್ಲಿ ಕಲಿತೆ? ನಮ್ಮ ಶಾಲೆಯಲ್ಲಂತೂ ಹೇಳಿಕೊಡುತ್ತಿರಲಿಲ್ಲ.

ಟ್ಯೂಬನ್ನು ಕಾಲುವೆಗೆ ಎಸೆದೆ. ಸಮಾಧಾನವೆ? ಪುಟ್ಟಿಯ ವಿಷಯ ಆಗಲಿಕ್ಕಿಲ್ಲ. ಗೆದ್ದರೆ ಶಿಬಿರಕ್ಕೆ ಹೋಗುತ್ತಾಳೆ, ಇಲ್ಲದಿದ್ದರೆ ನನ್ನ ಜೊತೆ ಮನೆಗೆ. ನಿನ್ನ ಕೈಗೆ ಕೊಟ್ಟು ರೋಗಿಗಳ ಬಟ್ಟೆ ಒಗೆಸಲೆ? ಕೊನೆಗೆ ಅವಳನ್ನೇ ಕೇಳೋಣ, ಅವಳು ಯಾರ ಹಿಂದೆ ಬರುತ್ತಾಳೋ ನೋಡು. ನಾನು ಸೋಲುವ ಪಂದ್ಯ ಕಟ್ಟುವವನಲ್ಲ.

ದಾರಿಯಲ್ಲಿ ನಾನು ಸೈಕಲ್ಲು ತರುವ ಹಾಗಿಲ್ಲವಂತೆ. ಸಂಘಟಕರ ಸೈಕಲ್ಲು ಮಾತ್ರ ಇರುತ್ತದಂತೆ. ನಾನು ಗುರಿಯ ಹತ್ತಿರ ನಿಂತಿರುತ್ತೇನೆ. ಅಷ್ಟರ ಮಟ್ಟಿಗೆ ನೀನು ಗೆದ್ದೆ ಎಂದುಕೋ.

ಅಪ್ಪ

*

ಮಾರ್ಚ್ 13

ಅಪ್ಪನಿಗೆ,

ನೀವು ಗುರಿಯ ಹತ್ತಿರ ಕಾಯುತ್ತಿದ್ದಿರಿ. ದಾರಿಯಲ್ಲಿ ಆದದ್ದನ್ನು ನಾಲ್ಕು ಜನ ನಾಲ್ಕು ಥರ ಹೇಳಿರುತ್ತಾರೆ. ನನ್ನ ಬಾಯಿಂದಲೇ ಕೇಳಿ. ಬಾಯಿ ಊದಿಕೊಂಡಿದೆ, ಅದಕ್ಕೇ ಬರೆಯುತ್ತಿದ್ದೇನೆ. ಬರೆಯುತ್ತಿರುವುದು ಪೊಲೀಸ್ ಠಾಣೆಯ ಬೆಂಚಿನ ಮೇಲೆ.

ಬೆಳಕು ಹರಿಯುವ ಮೊದಲೇ ಮೈದಾನದಲ್ಲಿ ಜಾತ್ರೆಯಷ್ಟು ಜನ. ಐದು ಕಿಲೋಮೀಟರಿನವರೇ ಮುಕ್ಕಾಲು ಪಾಲು. ಹತ್ತು ಹೆಜ್ಜೆ ಓಡುವುದು, ಫೋಟೋ ತೆಗೆಸಿಕೊಳ್ಳುವುದು, ಮತ್ತೆ ಹತ್ತು ಹೆಜ್ಜೆ. ಬ್ಯಾಂಕಿನ ಮ್ಯಾನೇಜರರೊಬ್ಬರು ಹೊಸ ಶೂ ಹಾಕಿಕೊಂಡು ಬಂದು ಶುರುವಿಗೆ ಮೊದಲೇ ಕುಂಟುತ್ತಿದ್ದರು. ಪೂರ್ತಿ ದೂರಕ್ಕೆ ಬಂದ ಹೆಂಗಸರು ಒಂದು ಟೆಂಪೊದಲ್ಲಿ ಹಿಡಿಸುವಷ್ಟು. ಪುಟ್ಟಿ ಎದೆಗೆ ನಂಬರು ಚುಚ್ಚಿಕೊಂಡು ನನ್ನ ಪಕ್ಕ ಬಂದು ನಿಂತಳು. ಎಷ್ಟು ಎತ್ತರ ಆಗಿದ್ದಾಳೆ ಅಪ್ಪಾ! ತಬ್ಬಿಕೊಳ್ಳಲು ಹೋದರೆ ಮೈ ಬಿಗಿ ಮಾಡಿದಳು. ಆ ಸೆಕೆಯಲ್ಲೂ ಮೊಣಕಾಲಿನವರೆಗೆ ಕಾಲುಚೀಲ. ಒಂದನ್ನು ಬಗ್ಗಿ ಎಳೆದು ನೋಡಿದೆ.

ಟ್ಯೂಬು ಕಾಲುವೆಗೆ ಹೋಗಿತ್ತಲ್ಲವೆ? ಮನೆಯಲ್ಲಿ ಇನ್ನೊಂದಿತ್ತೇನೋ.

"ಬಿಡಕ್ಕ, ಇದೇನ್ ಮಹಾ," ಎಂದು ಚೀಲ ಮೇಲೆಳೆದುಕೊಂಡಳು. "ನಿಂಗೆ ಬಿದ್ದಿದ್ರಲ್ಲಿ ಅರ್ಧನೂ ಇಲ್ಲ." ಅಷ್ಟರಲ್ಲಿ ಪಿಸ್ತೂಲು ಸದ್ದಾಯಿತು.

ಮೊದಲ ಸುತ್ತು ಚೆನ್ನಾಗಿತ್ತು. ಮಾರುಕಟ್ಟೆಯಲ್ಲಿ ತರಕಾರಿಯವರು ಚಪ್ಪಾಳೆ ಹೊಡೆದರು. ಒಬ್ಬಳು ಅಜ್ಜಿ, "ಯಾರ್ ಅಟ್ಟಿಸ್ಕೊಂಡ್ ಬರ್ತಿದಾರೆ ಮಕ್ಳೇ, ಹಿಂಗ್ ಓಡ್ತಿದೀರಲ್ಲ," ಎಂದಳು. ನಾನು ನಕ್ಕೆ. ಪುಟ್ಟಿ ನಗಲಿಲ್ಲ. ನಾವಿಬ್ಬರೇ ಮುಂದೆ ಇದ್ದೆವು. ಗಿರಣಿ ರಸ್ತೆಗೆ ತಿರುಗಿದ ಕೂಡಲೇ ಹಿಂದಿನಿಂದ ಸೈಕಲ್ಲು ಬಂತು. ಮುಂದಿರುವ ಹೆಂಗಸರ ಜೊತೆ ಒಬ್ಬ ಸ್ವಯಂಸೇವಕ ಹೋಗಬೇಕೆಂದು ಸಂಘಟಕರು ಕಳಿಸಿದ್ದರು. ಹಳದಿ ಅಂಗಿ, ದಪ್ಪ ಕನ್ನಡಕ. ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿರುವವರು. ಪೆಡಲು ತುಳಿಯದೆ ಸುಮ್ಮನೆ ಉರುಳಿಸಿಕೊಂಡು ಬರುತ್ತಿದ್ದರು. ಹಿಂದಿನ ಚಕ್ರ ಟಿಕ್ ಟಿಕ್ ಟಿಕ್ ಎನ್ನುತ್ತಿತ್ತು.

ಪುಟ್ಟಿ ಕಿತ್ತುಕೊಂಡು ಓಡಿದಳು.

"ನಿಧಾನ ಕಣೇ, ಇನ್ನೂ ಅರ್ಧಕ್ಕಿಂತ ಜಾಸ್ತಿ ಇದೆ."

"ಅಕ್ಕಾ, ಹಿಂದೆ ಇದಾರೆ."

"ಅಪ್ಪ ಅಲ್ವೇ ಅದು. ಯಾರೋ ಪಾಪ."

"ಗೊತ್ತು. ಕಾಲು ಕೇಳ್ತಿಲ್ಲ."

ನನ್ನ ಕಾಲೂ ಕೇಳಲಿಲ್ಲ. ಎಷ್ಟು ವರ್ಷ ಆಯಿತು, ಯಾರನ್ನೂ ಹಿಂದೆ ಬಿಟ್ಟುಕೊಂಡು ಓಡಿದವಳಲ್ಲ. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಮೀನಖಂಡ ತಾನಾಗಿ ಗಂಟು ಕಟ್ಟಿತು. ನಾವು ಜೋರಾದಂತೆ ಅವರೂ ಜೋರಾಗಿ ಬಂದರು. ಅದು ಅವರ ಕೆಲಸ. ಪುಟ್ಟಿ ಓಡುತ್ತಲೇ ವಾಂತಿ ಮಾಡಿಕೊಂಡಳು, ನಿಲ್ಲಲಿಲ್ಲ. ಮೂಗಿನಿಂದ ರಕ್ತ ಇಳಿದು ಎದೆಯ ನಂಬರು ನೆನೆಯಿತು, ಆಗಲೂ ನಿಲ್ಲಲಿಲ್ಲ. ಸೇತುವೆಯ ಏರಿನಲ್ಲಿ ಅವರಿಗೆ ಇವಳ ಅವಸ್ಥೆ ನೋಡಿ ಗಾಬರಿಯಾಗಿರಬೇಕು. ಹತ್ತಿರ ಬಂದು ತೋಳು ಎತ್ತಿದರು. ಕೈಯಲ್ಲಿ ಕಪ್ಪಗೆ, ಉದ್ದಕ್ಕೆ ಏನೋ ಜೋತಾಡುತ್ತಿತ್ತು.

ಒದ್ದೆ ಟವೆಲ್ಲು ಅಪ್ಪಾ. ಮುಖ ಒರೆಸಿಕೋ ಎಂದು ಅವಳಿಗೆ ಕೊಡಲು ಬಂದಿದ್ದರು.

ತಿರುಗಿ ಹೊಡೆದೆ. ಮೊಣಕೈ ದವಡೆಗೆ ಬಿತ್ತು, ಸೈಕಲ್ಲಿನ ಸಮೇತ ಉರುಳಿದರು. ಎದೆಯ ಮೇಲೆ ಕೂತೆ. ಸೈಕಲ್ಲಿಗೆ ಸಿಕ್ಕಿಸಿದ್ದ ಪಂಪು ಕೈಗೆ ಬಂತು. ಎಷ್ಟು ಸಲ ಹೊಡೆದೆ ಎಂದು ಇನ್‌ಸ್ಪೆಕ್ಟರು ಕೇಳಿದರು, ನನಗೆ ಗೊತ್ತಿಲ್ಲ. ಕನ್ನಡಕ ಒಡೆದು ಹುಬ್ಬಿನೊಳಗೆ ಹೋಯಿತು. ದವಡೆ ಮುರಿದ ಸದ್ದು ಕೇಳಿಸಿತು, ಕೇಳಿಸಿದ ಮೇಲೂ ಹೊಡೆದೆ. ಆಮೇಲೆ ಜನ ನನ್ನ ಮೇಲೆ ಬಿದ್ದರು. ‘ಶಾಂತಿಗಾಗಿ ಓಟ’ ಎಂದು ಎದೆಯ ಮೇಲೆ ಬರೆಸಿಕೊಂಡಿದ್ದವನೇ ನನ್ನ ಪಕ್ಕೆಗೆ ಒದ್ದವನು. ಎರಡು ಎಲುಬು ಬಿರುಕು ಬಿಟ್ಟಿವೆ.

ನಾಚಿಕೆಯಾಗುತ್ತಿದೆ. ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿದೆ, ಆ ಪೆಟ್ಟುಗಳೆಲ್ಲ ನಿಮಗೆ ಸೇರಬೇಕಾಗಿದ್ದವು ಎಂದು. ಪುಟ್ಟಿಯನ್ನು ನೀವು ಕರೆದುಕೊಂಡು ಹೋಗಿರುತ್ತೀರಿ. ಜಾಮೀನು ಸಿಕ್ಕ ದಿನ ನಾನು ಬರುತ್ತೇನೆ. ಅಲ್ಲಿಯವರೆಗೆ ಅವಳ ಮೇಲೆ ಕೈ ಇಡಬೇಡಿ.

ದೊಡ್ಡವಳು

*

ಮಾರ್ಚ್ 17

ಎಲ್ಲಿದ್ದಾಳೆ ಪುಟ್ಟಿ?

ನಾಟಕ ಸಾಕು. ಅವಳು ನನ್ನ ಹತ್ತಿರ ಇಲ್ಲ. ಗುರಿ ಮುಟ್ಟಲೇ ಇಲ್ಲ. ಮೂರು ಹೆಂಗಸರು ಬಂದರು, ನಾಲ್ಕನೆಯವಳು ಬಂದಳು, ಎಲ್ಲರೂ ಬಂದರು. ಮೊಣಕಾಲು ನೋವಿನ ಮುದುಕನೊಬ್ಬ ನಡೆದುಕೊಂಡು ಬಂದು ಪದಕ ಹಾಕಿಸಿಕೊಂಡ. ಪೆಂಡಾಲು ಬಿಚ್ಚಿದರು, ಕುರ್ಚಿ ಎಣಿಸಿ ಲಾರಿಗೆ ತುಂಬಿದರು. ಬಿಳಿ ಗೆರೆಯ ಮೇಲೆ ನಾನೊಬ್ಬನೇ ನಿಂತಿದ್ದೆ. ಕಸ ಗುಡಿಸುವವಳು, "ಸ್ವಲ್ಪ ಆ ಕಡೆ ಸರೀರಿ ಯಜಮಾನ್ರೇ," ಎಂದಳು.

ಊರಿಗೆ ಬಂದಿರಬಹುದು ಎಂದು ಬಂದು ನೋಡಿದೆ. ಮನೆಗೆ ಹಾಕಿದ ಬೀಗ ಹಾಗೇ ಇತ್ತು. ಆಗ ಅರ್ಥವಾಯಿತು. ದಾರಿಯಲ್ಲಿ ಗಲಾಟೆ ಎಬ್ಬಿಸಿ, ಎಲ್ಲರ ಕಣ್ಣು ನಿನ್ನ ಮೇಲಿರುವಾಗ ಅವಳನ್ನು ಯಾರದೋ ಕೈಯಲ್ಲಿ ಸಾಗಿಸಿದ್ದೀಯ. ಯಾವನೋ ಬಡಪಾಯಿಯ ದವಡೆ ಮುರಿದು! ನನ್ನನ್ನು ರಾಕ್ಷಸ ಎನ್ನುತ್ತೀಯಲ್ಲ, ನಾನು ಪರರ ಮಕ್ಕಳ ಮೂಳೆಯನ್ನೂ ಮುರಿದವನಲ್ಲ.

ಬರುತ್ತಿದ್ದೇನೆ. ನಿನಗೆ ಜಾಮೀನು ಸಿಕ್ಕಿತಂತೆ, ಬಾಗಿಲು ತೆಗೆದಿಟ್ಟಿರು. ಇಲ್ಲದಿದ್ದರೆ ಒಡೆಯುತ್ತೇನೆ.

*

ಏಪ್ರಿಲ್ 4

ದೊಡ್ಡವಳಿಗೆ,

ಅಕ್ಷರ ಕಾಗೆಕಾಲಾಗಿದೆ ಎಂದು ನಗಬೇಡ. ಬಲಗೈಗೆ ಪ್ಲಾಸ್ಟರ್ ಹಾಕಿದ್ದಾರೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಮಣಿಕಟ್ಟು ಎರಡು ಕಡೆ ಮುರಿದಿದೆಯಂತೆ. "ಎಲ್ಲಿ ಬಿದ್ರಿ ಮೇಷ್ಟ್ರೇ?" ಎಂದು ಡಾಕ್ಟರು ಕೇಳಿದರು. ಬಚ್ಚಲಲ್ಲಿ ಎಂದೆ. ಮಗಳ ಮೈಮೇಲೆ ಬಿದ್ದೆ ಎನ್ನಲು ಬಾಯಿ ಬರಲಿಲ್ಲ.

ನಾನು ಬಾಗಿಲು ಒಡೆದದ್ದು ನಿಜ. ಮೊದಲು ಕೈ ಎತ್ತಿದ್ದೂ ನಾನೇ. ನಿನ್ನ ತುಟಿ ಒಡೆಯಿತು, ಕೂದಲು ಕೈಗೆ ಬಂತು. ಆದರೆ ನೀನು ನನ್ನ ಕೈಯನ್ನು ಬಾಗಿಲ ಸಂದಿಗೆ ಇಟ್ಟು ಬಾಗಿಲಿಗೆ ಒದ್ದೆಯಲ್ಲ, ಅದನ್ನು ನಾನು ಯೋಚಿಸುತ್ತಲೇ ಇದ್ದೇನೆ. ಕೈ ಮುರಿಯುತ್ತೇನೆ ಎಂದಿದ್ದೆ, ಮುರಿದೆ. ಹೇಳಿದ ಮಾತು ನಡೆಸುವವಳು. ಯಾರ ಮಗಳು! ಹೀಗೆ ಅನ್ನಿಸಿದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಅನ್ನಿಸಿದ್ದಂತೂ ಸುಳ್ಳಲ್ಲ.

ನೆಲದ ಮೇಲೆ ಬಿದ್ದಿದ್ದಾಗ ನಿನ್ನ ಕೋಣೆ ನೋಡಿದೆ. ಎರಡು ಚಾಪೆ ಇತ್ತು. ಒಂದಕ್ಕೆ ಸುತ್ತಿದ ದಾರವನ್ನು ಇನ್ನೂ ಬಿಚ್ಚಿರಲಿಲ್ಲ. ಅವಳು ಅಲ್ಲಿಗೆ ಬಂದಿಲ್ಲ ಎಂದು ಆಗ ಗೊತ್ತಾಯಿತು. ನೀನೂ ನನ್ನ ಮುಖ ನೋಡಿ, "ನಿಮ್ಮತ್ರನೂ ಇಲ್ವಾ?" ಎಂದೆ. ನಿನ್ನ ಬಾಯಿಂದ ರಕ್ತ ಸೋರುತ್ತಿತ್ತು, ನನ್ನ ಕೈ ಜೋತಾಡುತ್ತಿತ್ತು.

ಅವಳು ಎಲ್ಲಿ ಹೋದಳು? ಗಿರಣಿ ರಸ್ತೆ, ಸೇತುವೆ, ಆ ನದಿ. ಊಟದ ತಟ್ಟೆ ಮುಂದಿಟ್ಟುಕೊಂಡರೆ ನದಿಯೇ ಕಾಣುತ್ತದೆ. ನನಗೆ ಭಯವಾಗುತ್ತಿದೆ. ಈ ಮಾತನ್ನು ನಾನು ಯಾರಿಗೂ ಬರೆದವನಲ್ಲ.

ಏನಾದರೂ ಗೊತ್ತಾದರೆ ಒಂದು ಸಾಲು ಹಾಕು.

ಅಪ್ಪ

*

ಏಪ್ರಿಲ್ 11

ಅಪ್ಪನಿಗೆ,

ಪುಟ್ಟಿ ಬದುಕಿದ್ದಾಳೆ. ಉಣ್ಣುತ್ತಿದ್ದಾಳೆ, ಆರೋಗ್ಯವಾಗಿದ್ದಾಳೆ. ಯಾರ ಮನೆಯಲ್ಲಿದ್ದಾಳೆ ಎಂದು ಹೇಳುವುದಿಲ್ಲ. ನಿಮಗೆ ಹೇಳಬಾರದು ಎನ್ನುವುದಕ್ಕಿಂತ, ಹೇಳುವ ಹಕ್ಕು ನನಗಿಲ್ಲ.

ಕನ್ನಡಕದ ಅಂಗಡಿಯವರು ನಮ್ಮ ಆಸ್ಪತ್ರೆಯಲ್ಲೇ ಇದ್ದಾರೆ. ದವಡೆ ಕೀವಾಗಿ ಎರಡನೇ ಸಲ ಆಪರೇಷನ್ ಆಯಿತು. ನನ್ನನ್ನು ಕೆಲಸದಿಂದ ತೆಗೆದಿದ್ದಾರೆ. ಸಂಬಳದ ಬಾಕಿಗೆ ಹೋಗಿದ್ದೆ. ಒಗೆಯುವ ಕಡೆಯ ಗೆಳತಿ ಒಂದು ದಿಂಬಿನ ಚೀಲವನ್ನು ತಣ್ಣೀರಿನಲ್ಲಿ ನೆನೆಹಾಕುತ್ತಿದ್ದವಳು, "ಇದು ನಿನ್ ಗಿರಾಕೀದೇ," ಎಂದಳು. ಸುಮ್ಮನೆ ವಾಪಸು ಬರಲಾಗಲಿಲ್ಲ. ಕ್ಷಮೆ ಕೇಳೋಣ ಎಂದು ವಾರ್ಡಿಗೆ ಹತ್ತಿದೆ.

ಪುಟ್ಟಿ ಮಂಚದ ಪಕ್ಕ ಕೂತಿದ್ದಳು. ಲೋಟ ಹಿಡಿದು ಅವರಿಗೆ ನಳಿಗೆಯಲ್ಲಿ ಗಂಜಿ ಕುಡಿಸುತ್ತಿದ್ದಳು. ನನಗೆ ಜೀವ ಬಂದ ಹಾಗಾಯಿತು. "ಪುಟ್ಟೀ" ಎಂದು ಓಡಿದೆ. ಅವಳು ಮುಖಕ್ಕೆ ಅಡ್ಡವಾಗಿ ಕೈ ಹಿಡಿದಳು.

ನಿಮ್ಮನ್ನು ನೋಡಿದಾಗ ಹಿಡಿಯುತ್ತಿದ್ದಳಲ್ಲ, ಹಾಗೆಯೇ. ನನ್ನನ್ನು ನೋಡಿ.

ಅಲ್ಲಿಗೆ ಬಿಟ್ಟು ಬಂದಿದ್ದರೆ ಮನುಷ್ಯಳಾಗುತ್ತಿದ್ದೆ. ಬಿಡಲಿಲ್ಲ. "ನಡಿ ಮನೆಗೆ" ಎಂದು ಕೈ ಹಿಡಿದು ಎಳೆದೆ. ಅವಳು ಮಂಚದ ಸರಳು ಹಿಡಿದುಕೊಂಡಳು. ಬೆರಳು ಒಂದೊಂದಾಗಿ ಬಿಡಿಸಿದೆ. ಗ್ಲೂಕೋಸಿನ ಕಂಬ ಬಿತ್ತು, ಬಿಸಿ ಗಂಜಿ ಅವರ ಎದೆಯ ಮೇಲೆ ಚೆಲ್ಲಿತು. ದವಡೆಗೆ ತಂತಿ ಬಿಗಿದಿದ್ದರಿಂದ ಅವರಿಗೆ ಕೂಗಲೂ ಆಗಲಿಲ್ಲ, ಗೊರಗೊರ ಎಂದರು. ನಾಲ್ಕು ಜನ ಸೇರಿ ನನ್ನನ್ನು ಮೆಟ್ಟಿಲಿನವರೆಗೆ ಎಳೆದುಕೊಂಡು ಬಂದರು. ಪುಟ್ಟಿ ಅಷ್ಟೂ ಹೊತ್ತು ಒಂದು ಸದ್ದು ಮಾಡಲಿಲ್ಲ.

ಅವಳನ್ನು ನಿಮ್ಮಿಂದ ಬಿಡಿಸಬೇಕು ಎಂದೇ ಅಲ್ಲವೆ ನಾನು ಹೊರಟದ್ದು? ಬಿಡಿಸಿಕೊಂಡಿದ್ದಾಳೆ. ನನ್ನಿಂದಲೂ.

ದೊಡ್ಡವಳು

*

ಮೇ 20

ಅಪ್ಪನಿಗೂ ಅಕ್ಕನಿಗೂ,

ಇದೇ ಕಾಗದವನ್ನು ಎರಡು ಸಲ ಬರೆದಿದ್ದೇನೆ. ಇಬ್ಬರಿಗೂ ಒಂದೇ ಮಾತು, ಹೆಚ್ಚುಕಮ್ಮಿ ಇಲ್ಲ.

ನಾನು ಕನ್ನಡಕದ ಅಂಗಡಿಯ ಮಾಮನ ಮನೆಯಲ್ಲಿದ್ದೇನೆ. ಪೊಲೀಸರಿಗೆ ನಾನೇ ಹೋಗಿ ಹೇಳಿದ್ದೆ. ಹದಿನೆಂಟಾಗಿದೆ, ನಿನ್ನಿಷ್ಟ ಅಂದರು. ಆ ದಿನ ಸೇತುವೆ ದಾಟಿ ಸ್ವಲ್ಪ ದೂರ ಓಡಿದೆ. ಹಿಂದೆ ಯಾರೂ ಇರಲಿಲ್ಲ. ಕಾಲು ನಿಂತೇಹೋಯಿತು. ತಿರುಗಿ ನೋಡಿದರೆ ಅಕ್ಕ ಇನ್ನೂ ಹೊಡೆಯುತ್ತಿದ್ದಳು. ವಾಪಸು ಬಂದೆ. ಅಷ್ಟರಲ್ಲಿ ಅವಳನ್ನು ಜೀಪಿಗೆ ಹಾಕಿದ್ದರು. ಮಾಮ ರಸ್ತೆಯಲ್ಲಿ ಮಲಗಿದ್ದರು, ಎಲ್ಲರೂ ಫೋಟೋ ತೆಗೆಯುತ್ತಿದ್ದರು. ಆಂಬುಲೆನ್ಸಿನಲ್ಲಿ ಜೊತೆಗೆ ಯಾರು ಬರುತ್ತೀರಿ ಎಂದು ಕೇಳಿದರು. ನಾನು ಹತ್ತಿದೆ.

ಅಕ್ಕಾ, ಮಾಮ ನೋವಿಗೆ ಅಳುತ್ತಿದ್ದರು. ನೀನು ಹೊಡೆಯುತ್ತ ಹೊಡೆಯುತ್ತ, "ಅಳ್ಬೇಡ, ಅತ್ರೆ ಇನ್ನೂ ಬೀಳತ್ತೆ," ಎನ್ನುತ್ತಿದ್ದೆ. ನಿನಗೆ ನೆನಪಿದೆಯೋ ಇಲ್ಲವೋ. ನನಗೆ ಅದು ಅಪ್ಪನ ಗಂಟಲಿನಂತೆಯೇ ಕೇಳಿಸಿತು.

ಮಾಮ ಒಳ್ಳೆಯವರು, ದೇವರೇನಲ್ಲ. ಬಲಗಣ್ಣು ಮಂಜಾಗಿದೆ. ಕೇಸು ವಾಪಸು ತಗೊಳ್ಳಲ್ಲ ಎಂದಿದ್ದಾರೆ, ನಾನೂ ಕೇಳಿಲ್ಲ. ನಿನ್ನ ಹೆಸರೆತ್ತಿದರೆ ಎದ್ದು ಹೋಗುತ್ತಾರೆ. ನಾನು ಅಂಗಡಿಯಲ್ಲಿ ಗಾಜು ಒರೆಸುತ್ತೇನೆ, ಚೌಕಟ್ಟಿಗೆ ತಿರುಪು ಹಾಕುತ್ತೇನೆ. ಓಡುತ್ತಿಲ್ಲ ಅಪ್ಪಾ. ನಿಮಗೆ ಇದು ಬೇಜಾರು ಎಂದು ಗೊತ್ತು. ಕಾಲು ತಾನಾಗಿ ಕೇಳಿದ ದಿನ ನೋಡೋಣ.

ನನಗೆ ನೀವಿಬ್ಬರೂ ಬೇಕು. ಜ್ವರ ಬಂದಾಗ ನೀವು ನನ್ನನ್ನು ಹೆಗಲ ಮೇಲೆ ಹೊತ್ತು ಊರು ದಾಟಿದ್ದು ನೆನಪಿದೆ ಅಪ್ಪಾ. ಅಕ್ಕನ ಚಾಪೆಯ ವಿಷಯವನ್ನು ಅವಳ ಆಸ್ಪತ್ರೆಯ ಗೆಳತಿಯಿಂದ ಕೇಳಿ ಒಂದು ಹೊತ್ತು ಊಟ ಸೇರಲಿಲ್ಲ. ಆದರೆ ಇಬ್ಬರನ್ನು ಕಂಡರೂ ಭಯ, ಒಂದೇ ಸಮ. ಅದಕ್ಕೆ ಯಾರ ಜೊತೆಗೂ ಬರುವುದಿಲ್ಲ. ನೋಡಬೇಕು ಅನ್ನಿಸಿದರೆ ಭಾನುವಾರ ಬನ್ನಿ, ಒಬ್ಬೊಬ್ಬರೇ. ಮುಂದಿನ ಕೋಣೆಯಲ್ಲಿ ಕೂತು ಮಾತಾಡೋಣ. ಅತ್ತೆಯೂ ಇರುತ್ತಾರೆ.

ಅತ್ತೆ ಎಂದರೆ ಮಾಮನ ಹೆಂಡತಿ, ಬಸ್ ಕಂಡಕ್ಟರು. ಅವರು ಒಂದು ಸಲ ಕೂಗಿದರೆ ಹೊರಟ ಬಸ್ಸು ನಿಲ್ಲುತ್ತದೆ. ಆಸ್ಪತ್ರೆಯಲ್ಲಿ ಅಕ್ಕ ನನ್ನನ್ನು ಎಳೆದ ದಿನ ಅವರು ಕೇಳಿದರು, "ಯಾಕಮ್ಮಾ, ನೀನ್ ಯಾಕೆ ಬಾಯೇ ಬಿಡ್ಲಿಲ್ಲ?" ನನಗೆ ಕೂಗಲು ಬರುವುದಿಲ್ಲ ಎಂದೆ. ನಗಾಡುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಅವತ್ತಿಂದ ದಿನಾ ಸಂಜೆ ಹಿತ್ತಲಲ್ಲಿ ನಿಲ್ಲಿಸಿ ಹೇಳಿಕೊಡುತ್ತಿದ್ದಾರೆ. "ಗಂಟಲಿಂದಲ್ಲ, ಹೊಟ್ಟೆಯಿಂದ ಬರ್ಬೇಕು. ನಾಚ್ಕೋಬೇಡ." ಮೊದಲ ವಾರ ಬರೀ ಗಾಳಿ ಬಂತು. ಆಮೇಲೆ ಬೆಕ್ಕಿನ ಮರಿಯಷ್ಟು.

ಮೊನ್ನೆ ಜೋರಾಗಿ ಬಂತು. ನನಗೇ ಹೆದರಿಕೆಯಾಗುವಷ್ಟು. ಪಕ್ಕದ ಮನೆಯ ದರ್ಜಿ ಕತ್ತರಿ ಹಿಡಿದುಕೊಂಡೇ ಓಡಿ ಬಂದರು, ಎದುರು ಮನೆಯವರು ಬಂದರು, ಹಿಟ್ಟಿನ ಕೈಯವರು, ಸ್ನಾನಕ್ಕೆ ಹೊರಟವರು, ಇಡೀ ಬೀದಿಯೇ ಬೇಲಿಯ ಹತ್ತಿರ ಬಂದು, "ಏನಾಯ್ತಮ್ಮಾ?" ಎಂದು ನಿಂತಿತು. ಆಗ ನಾವು ಕೂಗಿದ್ದರೆ ಊರಿನ ನಮ್ಮ ಬೀದಿಯವರೂ ಬರುತ್ತಿದ್ದರೇನೋ.

ನಿಮ್ಮ
ಪುಟ್ಟಿ